ಎಡಕ್ಕೆ ತಿರುಗದ ಕಾರು

"ಎಡಕ್ಕೆ ಹೋದ್ರೆ ರೈಲ್ವೆ ಸ್ಟೇಷನ್ನು ಎರಡೇ ನಿಮಿಷ, ಮತ್ತೆ ಬಲಕ್ಕೆ ಯಾಕೋ ತಿರುಗಿಸ್ತೀಯ ಅಳಿಯ?" ಅಂತ ಅತ್ತೆ ಸ್ಟೇರಿಂಗೇ ಹಿಡ್ಕೊಂಡ್ಲು. "ಈ ಬೇಕರಿ ಮುಂದೆ ಇದು ಮೂರನೇ ಸಲ. ಬ್ರೆಡ್ಡಿನವನು ಆಗ್ಲೇ ನನ್ನ ನೋಡಿ ಕೈ ಬೀಸೋಕೆ ಶುರುಮಾಡಿದಾನೆ!"

ಗಡಿಯಾರ ರಿಪೇರಿ ಮಾಡೋ ಅಳಿಯ ಬ್ರೇಕ್ ಒತ್ತಿದ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಆ ಪುಟಾಣಿ ಕಾರಿಗೆ ಮಿಣಮಿಣ ಇಂಡಿಕೇಟರ್ ಇಲ್ಲ. ತಿರುಗೋ ಕಡೆ ಬಾಗಿಲ ಪಕ್ಕದ ಕಂಬದಿಂದ ರೈಲಿನ ಸಿಗ್ನಲ್ ಥರ ಗೇಣುದ್ದ ಕೆಂಪು ಕೈ ಏಳಬೇಕು. ಎಡಗಡೇದು ಏಳದೆ ಒಳಗೇ ಅಂಟಿಕೊಂಡಿತ್ತು. "ನಿಮ್ಮ ಮಗಳು ಒಳಗಿಂದ ಗುದ್ದಿ ಎಬ್ಬಿಸ್ತಿದ್ಲು. ಅವಳು ತೀರಿಕೊಂಡ ಮೇಲೆ ನಾನು ಎಡಕ್ಕೆ ತಿರುಗಿಲ್ಲ. ಹದಿನಾಲ್ಕು ತಿಂಗಳಾಯ್ತು."

"ಅಯ್ಯೋ ನಿನ್ನ! ಸೊಳ್ಳೆ ಕಾಲಿನಷ್ಟು ಸ್ಕ್ರೂ ಕೂರಿಸೋನಿಗೆ ಇದು ರಿಪೇರಿ ಆಗ್ಲಿಲ್ವಾ?"

"ಕಾಲು ಗಂಟೆ ಕೆಲಸ ಅತ್ತೆ." ಭಾನುವಾರ ಭಾನುವಾರ ಇಡೀ ಎಂಜಿನ್ನು ಬಿಚ್ಚಿ ಹಾಸಿಗೆ ಮೇಲೆ ಹರಡಿ, ಒಂದೊಂದು ನಟ್ಟಿಗೂ ಸ್ನಾನ ಮಾಡಿಸೋ ಮಹಾನುಭಾವ, ಆ ಕೈಗೆ ಮಾತ್ರ ಸ್ಕ್ರೂಡ್ರೈವರ್ ತೋರಿಸಿರಲಿಲ್ಲ. "ಸರಿ ಮಾಡಿಬಿಟ್ರೆ, ಈ ಕಾರಲ್ಲಿ ಅವಳಿಗೆ ಅಂತ ಏನೂ ಕೆಲಸ ಉಳಿಯಲ್ಲ."

ಹಿಂದಿದ್ದ ಲಾರಿ ಹಾರನ್ನು ಊರಿಗೆಲ್ಲಾ ಕೇಳೋ ಹಾಗೆ ಬಾಯಿ ಬಡ್ಕೊಳ್ತು. ಅತ್ತೆ ಕೈಚೀಲ ಕೆಳಗಿಟ್ಟು, ಹೆಬ್ಬೆರಳನ್ನ ಒಳಗೆ ಮಡಚಿ ಮುಷ್ಟಿ ಕಟ್ಟಿ, ಕಂಬಕ್ಕೆ ಗುದ್ದಿದ್ಲು. ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಥೇಟ್ ಮಗಳ ಥರಾನೇ. ಟಪ್ ಅಂತ ಕೆಂಪು ಕೈ ಎದ್ದು ನಿಂತಿತು. ಅಳಿಯ ಆ ಮುಷ್ಟಿಯನ್ನೇ ನೋಡ್ತಾ ಕೂತುಬಿಟ್ಟ, ಆಮೇಲೆ ಮೂಗು ಸೀಟಿಕೊಂಡು ಎಡಕ್ಕೆ ತಿರುಗಿಸಿದ.

ಸ್ಟೇಷನ್ನಿನ ಗೇಟು ಎದುರಿಗೇ ಕಾಣ್ತಿತ್ತು. ಅತ್ತೆ ಮುಷ್ಟಿ ಬಿಚ್ಚಿರಲಿಲ್ಲ.

"ರೈಲು ಹೋದ್ರೆ ಹೋಗ್ಲಿ," ಅಂದ್ಲು. "ಮುಂದಿನ ಎಡ ತಿರುವು ಎಲ್ಲಿ ಬರತ್ತೆ?"