ಅರ್ಧಕ್ಕೆ ನಿಂತ ಪ್ರಾರ್ಥನೆ

ಗೋದಾಬಾಯಿ ಕೈ ಎತ್ತಿರಲೇ ಇಲ್ಲ, ಆದರೂ ಮಕ್ಕಳ ಪ್ರಾರ್ಥನೆ ಅರ್ಧಕ್ಕೇ ನಿಂತುಬಿಟ್ಟಿತು. ಹೈದರಾಬಾದಿನ ಕೋಠಿಯ ಆ ಕನ್ನಡ ಶಾಲೆಯಲ್ಲಿ ಮಧ್ಯಾಹ್ನದ ಪಾಳಿ ಶುರುವಾಗುವ ಹೊತ್ತಿಗೆ ಸರಿಯಾಗಿ ಪಕ್ಕದ ಮಸೀದಿಯ ಆಜಾನ್ ಕೇಳಿಬರುತ್ತಿತ್ತು. ಮುಖ್ಯೋಪಾಧ್ಯಾಯಿನಿ ಗೋದಾಬಾಯಿ ಅಂಗೈ ಎತ್ತಿ ಹಾಡು ನಿಲ್ಲಿಸುವುದು, ಆಜಾನ್ ಮುಗಿದ ಮೇಲೆ ಕೈ ಇಳಿಸುವುದು ವರ್ಷಾನುಗಟ್ಟಲೆ ನಡೆದುಬಂದ ರೂಢಿ. ಇವತ್ತು ಕರ್ಫ್ಯೂ ತೆಗೆದ ಮೊದಲ ದಿನ. ಬಂದ ಮಕ್ಕಳೇ ಅರ್ಧ. ಗೋಡೆಯಾಚೆ ಸದ್ದೇ ಇಲ್ಲ, ಆದರೂ ದಿನಾ ನಿಲ್ಲುವ ಸಾಲಿಗೆ ಬಂದೊಡನೆ ಮಕ್ಕಳು ತಾವಾಗಿಯೇ ನಿಂತಿದ್ದರು.

"ಬಾಯಾರ, ಆಜಾನ್ ಇಲ್ಲಲ್ರೀ. ಇನ್ನ ಯಾರ ಸಲುವಾಗಿ ನಿಲ್ಲಸ್ತೀರಿ? ಮುಂದ ಹಾಡಸ್ರಿ" ಎಂದರು ಆಡಳಿತ ಮಂಡಳಿಯ ಕಾರ್ಯದರ್ಶಿ ದತ್ತಾತ್ರೇಯರಾಯರು. ಗಲಭೆಯಲ್ಲಿ ಅವರ ಅಂಗಡಿ ಸುಟ್ಟುಹೋಗಿತ್ತು. ಇನ್ನು ಮುಂದೆ ಪ್ರಾರ್ಥನೆ ಯಾರಿಗಾಗಿಯೂ ನಿಲ್ಲಕೂಡದೆಂದು ಹೇಳಲೆಂದೇ ಅವರು ಬಂದಿದ್ದರು.

"ಮಕ್ಕಳೇ ನಿಂತಾವ್ರಿ, ನಾ ನಿಲ್ಲಿಸಿಲ್ಲ" ಎಂದರು ಗೋದಾಬಾಯಿ. ಹಾಡಿರೆಂದು ಸನ್ನೆ ಮಾಡಬೇಕೆಂದುಕೊಂಡರು. ನಿಲ್ಲಿಸಿಯೇ ರೂಢಿಯಾದ ಕೈ ಸೆರಗಿನ ಅಂಚು ಬಿಟ್ಟು ಬರಲಿಲ್ಲ.

ಆಗ ಮಸೀದಿ ಕಡೆಯ ಗೋಡೆಯ ಮೇಲಿಂದ ಬಿಳಿ ಗಡ್ಡದ ಮುಖವೊಂದು ಇಣುಕಿತು. ಮಸೀದಿಯಲ್ಲಿ ಆಜಾನ್ ಕೂಗುವ, ಬೀದರ್ ಕಡೆಯ ಖಾಸೀಂಸಾಬ್. ದತ್ತಾತ್ರೇಯರಾಯರನ್ನು ಕಂಡು ತುಸು ಅಳುಕಿ, ಗೋದಾಬಾಯಿಯ ಕಡೆ ತಿರುಗಿದರು.

"ಅಮ್ಮಾರ, ಹಾಡು ಯಾಕ ನಿಂತು ಹೋತು? ಇಂಥಾ ದಿನಮಾನದಾಗ ನಿಮಗ ತ್ರಾಸ ಆಗಬಾರದು ಅಂತ ನಮ್ಮ ಮಸೀದಿ ಕಮಿಟಿಯವ್ರು ಹೇಳ್ಯಾರ. ನಿಮ್ಮದು ಮುಗೀಲಿ ಅಂತ ನಾ ಮೈಕ್ ಹಿಡ್ಕೊಂಡು ನಿಂತೀನ್ರಿ."