ಪೊಟ್ಟಣದ ಮೇಲಿನ ನಾಯಿ

“ಎಲ್ಲಿ, ಕೈ ತೋರ್ಸಮ್ಮ.”

ಕ್ಷೌರಿಕ ತಾಯಿಯ ಅಂಗೈಯನ್ನು ಮೂಗಿಗೆ ಹಿಡಿದ. ಹಾಲಿನ ವಾಸನೆ. ಮುದುಕಿ ಸಿಕ್ಕಿಬಿದ್ದಳು.

“ಗುಂಡಂಗೆ ಒಂದೇ ಗುಟುಕು ಕೊಟ್ಟೆ ಕಣೋ. ಮೂಕಪ್ರಾಣಿ, ಕರುಳು ಚುರುಕ್ ಅನ್ನುತ್ತೆ.”

“ನಂಗೆ ಅನ್ನಲ್ವಾ? ಅದರ ಒಳ್ಳೇದಕ್ಕೇ ತಾನೇ ಮಾಡ್ತಿರೋದು!”

ಸುಳ್ಳಲ್ಲ. ನಾಯಿ ಆಹಾರದ ಕಂಪನಿಯೊಂದು ಜಾಹೀರಾತಿಗೆ ನಾಯಿ ಹುಡುಕುತ್ತಿತ್ತು. ಆಯ್ಕೆಯಾದ ನಾಯಿ ವರ್ಷವಿಡೀ ಕಂಪನಿಯಲ್ಲೇ ಇರುವುದು. ಪೊಟ್ಟಣದ ಮೇಲೆ ಅದರದೇ ಚಿತ್ರ. ಸುದ್ದಿ ತಂದ ಗಿರಾಕಿ ಗಲ್ಲಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಲೇ ಉಪದೇಶವನ್ನೂ ಕೊಟ್ಟಿದ್ದ. ಬಿಟ್ಟಿ ಉಪದೇಶಕ್ಕೇನು ಬರ?

“ಹೊಟ್ಟೆ ತುಂಬಿದ ನಾಯಿ ಕ್ಯಾಮೆರಾ ಮುಂದೆ ಮೂಸಿ ನೋಡಿ ಹೋಗುತ್ತೆ. ಹಸಿದದ್ದು ತಟ್ಟೇನೂ ಬಿಡಲ್ಲ.”

ಅಂದಿನಿಂದ ಮನೆಯ ನಾಯಿ ಗುಂಡನಿಗೆ ಅರೆಹೊಟ್ಟೆ, ಎಷ್ಟೋ ದಿನ ಬರಿಹೊಟ್ಟೆ. ಗುಂಡ ಎನ್ನುವುದು ಹೆಸರಿಗಷ್ಟೇ ಉಳಿಯಿತು. ಅದರ ಮೈ ಬಾಚುತ್ತ ಕ್ಷೌರಿಕ, “ಸ್ವಲ್ಪ ತಡ್ಕೋ ರಾಜ, ಆಮೇಲೆ ತಿಂದಿದ್ದೇ ತಿಂದಿದ್ದು” ಎನ್ನುತ್ತಿದ್ದ. ಹಾಗೆಂದ ದಿನ ಅವನಿಗೂ ಊಟ ಸೇರುತ್ತಿರಲಿಲ್ಲ.

ಆಯ್ಕೆಯ ದಿನ ಕಂಪನಿಯ ಸ್ಟುಡಿಯೋದಲ್ಲಿ ಮೆತ್ತೆಯ ಮೇಲೆ ಇನ್ನೊಂದು ನಾಯಿ ಮಲಗಿತ್ತು. ಗುಂಡನದೇ ಕಂದು ಬಣ್ಣ, ಅದೇ ಜೋತ ಕಿವಿ. ಮೈ ಮಾತ್ರ ದುಂಡುದುಂಡು.

“ಈ ಸೋಮಾರಿ ಗೆದ್ದ ಹಾಗೇ!” ಕ್ಷೌರಿಕ ತಾಯಿಯ ಕಿವಿಯಲ್ಲಿ ನಕ್ಕ.

ಆಹಾರದ ಬಟ್ಟಲು ಇಟ್ಟದ್ದೇ ತಡ, ಗುಂಡ ಮೇಲೆ ಬಿದ್ದ ರಭಸಕ್ಕೆ ಅದು ಜಾರಿ ಗೋಡೆಗೆ ಬಡಿಯಿತು. ಕ್ಯಾಮೆರಾದವನು ನೆಲಕ್ಕೆ ಮಂಡಿಯೂರಿ ಗುಂಡನ ಪಕ್ಕೆಯ, ಬೆನ್ನಿನ ಚಿತ್ರ ತೆಗೆದ. ಮ್ಯಾನೇಜರಮ್ಮ ಚಪ್ಪಾಳೆ ತಟ್ಟಿದಳು.

“ಇಂಥದ್ದಕ್ಕೋಸ್ಕರ ಊರೆಲ್ಲ ಜಾಲಾಡಿದ್ವಿ! ಇದೇ ಬೇಕು, ಇದೇ!”

ಕ್ಷೌರಿಕ ನಿಂತಲ್ಲೇ ಕರಾರಿಗೆ ಸಹಿ ಹಾಕಿದ. ಆಳೊಬ್ಬ ಬಂದು ಗುಂಡನ ಸರಪಳಿ ಹಿಡಿದುಕೊಂಡ. ಗುಂಡ ಇನ್ನೂ ನೆಲ ನೆಕ್ಕುತ್ತಿದ್ದ.

ತಾಯಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. “ತುಂಬಾ ಸೊರಗಿದಾನೆ ಕಣಮ್ಮ, ತಪ್ಪು ನಮ್ಮದೇ. ಇವತ್ತಿಂದ ಹೊಟ್ಟೆ ತುಂಬ ಹಾಕ್ತೀರಲ್ಲ?”

“ಅಯ್ಯೋ, ಹಾಗೆಲ್ಲಾದ್ರೂ ಉಂಟೇ!” ಮ್ಯಾನೇಜರಮ್ಮ ಮೆತ್ತೆಯ ಕಡೆ ಬೆರಳು ತೋರಿಸಿದಳು. “ಪೊಟ್ಟಣದ ಮೇಲೆ ಎರಡು ಚಿತ್ರ ಬರುತ್ತೆ. ನಮ್ಮ ಆಹಾರ ತಿಂದ ಮೇಲಿನ ನಾಯಿ ಅದು. ನಿಮ್ಮದು ತಿನ್ನೋಕೆ ಮುಂಚಿನದು. ವರ್ಷಪೂರ್ತಿ ಹೀಗೇ ಇರ್ಬೇಕು.”