ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಟೀಚರಮ್ಮನಿಗೆ ಇಷ್ಟೊಂದು ಸೇಡಾ ಅಂತ ನಗಬೇಡಿ... ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ವೃತ್ತಿ ಶಿಕ್ಷಣದ ವಿಷಯವಾಗಿ ಸೇಲ್ಸ್, ಮಾರ್ಕೆಟಿಂಗ್ ಕಲಿಸುತ್ತೇನೆ. ಗಿರಾಕಿಯನ್ನು ಹೇಗೆ ಕರೆಯಬೇಕು, ಹೇಗೆ ಮಾತಾಡಿಸಬೇಕು... ಅದೇ ನನ್ನ ಪಾಠ.

ಅದಕ್ಕೂ ಮೊದಲು ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಗರ್ಲ್ ಆಗಿದ್ದೆ. ಮಾಲೀಕರು ಮುರಿಗೆಪ್ಪ ಸಾವ್ಕಾರ್ರು.

ಅಲ್ಲಿ ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬಂದು ಗಾದಿಯ ಮೇಲೆ ಕೂರಬೇಕು. ಸಾವ್ಕಾರ್ರು ಗಲ್ಲಾದಲ್ಲಿ ಕೂತೇ ಬಾಗಿಲ ಕಡೆ ನೋಡುತ್ತಿದ್ದರು... ಬಂದವರ ಮುಖವನ್ನಲ್ಲ, ಬಿಟ್ಟ ಚಪ್ಪಲಿಯನ್ನು!

"ಚಪ್ಪಲಿ ನೋಡಿ ಸೀರೆ ಇಳಸ್ರವ್ವಾ" ಅಂತ ನಮಗೆಲ್ಲ ದಿನಾ ಹೇಳುತ್ತಿದ್ದರು.

ಒಳ್ಳೆ ಚಪ್ಪಲಿಯವರಿಗೆ ಮೇಲಿನ ಕಪಾಟಿನ ರೇಷ್ಮೆ. ಹರಕು ಚಪ್ಪಲಿಯವರಿಗೆ ಮೂಲೆಯಲ್ಲಿದ್ದ ಅಗ್ಗದ ಸೀರೆಗಳ ಗಂಟು.

ಒಂದು ಬೆಳಿಗ್ಗೆ, ಇನ್ನೂ ಬೋಣಿ ಆಗಿರಲಿಲ್ಲ. ನಮ್ಮವ್ವ ಅಂಗಡಿಗೆ ಬಂದಳು... ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ರೇಷ್ಮೆ ಸೀರೆ ತೆಗೆಯೋಕೆ.

ಅವಳ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು, ಅದಕ್ಕೆ ಪಿನ್ನು ಹಾಕಿದ್ದಳು.

ಸಾವ್ಕಾರ್ರು ಪಿನ್ನು ನೋಡಿದರು. ನನ್ನನ್ನು ಕೂಗಿದರು: "ಏಯ್ ಕೊಟ್ರಮ್ಮ, ಬೋಣಿ ಹೊತ್ನಾಗೆ ಎಂಥೆಂಥೋರೋ ಬರ್ತಾರೆ ನೋಡು... ರೇಷ್ಮೆ ಇಲ್ಲ ಅಂತ ಹೇಳಿ ಕಳ್ಸು!"

ಅವಳು ನನ್ನ ತಾಯಿ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತಲ್ಲ! ಆದರೂ ಕೆಲಸ ಹೋದೀತು ಅಂತ ಬಾಯಿ ಮುಚ್ಚಿಕೊಂಡು ನಿಂತೆ.

ಅವ್ವನೇ ನನ್ನ ಗುರುತಿಲ್ಲದವಳ ಹಾಗೆ ಎದ್ದಳು. "ಇರ್ಲಿ ಬಿಡವ್ವ, ಇನ್ನೊಂದಿನ ಬರ್ತೀನಿ" ಅಂತ ಹೊರಟುಹೋದಳು...

ಅವತ್ತು ಸಂಜೆ ಅವ್ವ ಆ ಚಪ್ಪಲಿಯನ್ನು ತಿಪ್ಪೆಗೆ ಎಸೆಯೋಕೆ ಹೊರಟಿದ್ದಳು. ನಾನು ಕಿತ್ತುಕೊಂಡು ಟ್ರಂಕಿನಲ್ಲಿಟ್ಟೆ.

"ಮುರಿಗೆಪ್ಪ, ನಿನ್ನ ನೀರಿಳಿಸದಿದ್ದರೆ ನನ್ನ ಹೆಸರು ಕೊಟ್ರಮ್ಮನೇ ಅಲ್ಲ!"

ಕೆಲಸ ಬಿಟ್ಟೆ, ಓದಿದೆ, ಟೀಚರ್ ಆದೆ. ಹನ್ನೊಂದು ವರ್ಷ ಕಳೆಯಿತು. ಸೇಡು ಮಾತ್ರ ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಇತ್ತು.

ಈ ವರ್ಷ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಮಕ್ಕಳು ಗಿರಾಕಿಗೆ ಮಾಲು ಮಾರಿ ತೋರಿಸಬೇಕು. ಹೊರಗಿನ ವ್ಯಾಪಾರಸ್ಥರೊಬ್ಬರು ಬಂದು ಅಂಕ ಹಾಕಬೇಕು.

"ಯಾರನ್ನ ಕರೆಸೋಣ ಕೊಟ್ರಮ್ಮ?" ಅಂದರು ಹೆಡ್ ಮೇಡಂ.

"ಮುರಿಗೆಪ್ಪ ಸಾವ್ಕಾರ್ರನ್ನೇ ಕರೆಸೋಣ ಮೇಡಂ, ಅವರಷ್ಟು ಅನುಭವ ಯಾರಿಗಿದೆ ಹೇಳಿ?" ಅಂದೆ. ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ಬೆಂಕಿ!

ಮನೆಗೆ ಬಂದು ಅವ್ವನಿಗೆ, "ಪರೀಕ್ಷೆಗೆ ಒಬ್ರು ಗಿರಾಕಿ ಬೇಕವ್ವ, ನೀನೇ ಬಾ" ಅಂದೆ. ಟ್ರಂಕಿನಿಂದ ಆ ಚಪ್ಪಲಿ ತೆಗೆದು ಮುಂದಿಟ್ಟೆ.

ಅವ್ವ ಚಪ್ಪಲಿ ನೋಡಿದಳು... ನನ್ನ ಮುಖ ನೋಡಿದಳು... ಕಾಲಿಗೆ ಹಾಕಿಕೊಂಡಳು.

ಕ್ಲಾಸ್‌ರೂಮಿನಲ್ಲಿ ಜಮಖಾನ ಹಾಸಿ, ಟೀಚರ್‌ಗಳ ಸೀರೆಗಳನ್ನೇ ಜೋಡಿಸಿದ್ದೆವು. ಅಂಕಪಟ್ಟಿ ಹಿಡಿದು ಕೂತ ಸಾವ್ಕಾರ್ರಿಗೆ ನನ್ನ ಗುರುತೂ ಸಿಗಲಿಲ್ಲ, ಅವ್ವನ ಗುರುತೂ ಸಿಗಲಿಲ್ಲ.

ಮಾರುವ ಸರದಿ ನೇತ್ರಾವತಿಯದು. ಹೂ ಮಾರುವವರ ಮಗಳು, ಮಾತಿನಲ್ಲಿ ಚುರುಕು. ಅವ್ವ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದಳು.

"ಬರ್ರಿ ಅಜ್ಜಿ, ಕುತ್ಕೋರಿ... ಮೊದ್ಲು ನೀರು ಕುಡೀರಿ. ಯಾರಿಗೆ ಸೀರೆ? ಏನು ಕಾರ್ಯ ಮನ್ಯಾಗೆ?"

"ಮಗಳ ನಿಶ್ಚಿತಾರ್ಥ ಕಣವ್ವ..." ಅಂದಳು ಅವ್ವ. ಅವತ್ತು ಬಂದಿದ್ದೂ ಅದಕ್ಕೇ!

ನೇತ್ರಾವತಿ ಎಲ್ಲಕ್ಕಿಂತ ಚೆಂದದ ರೇಷ್ಮೆಯನ್ನೇ ಅವ್ವನ ಮುಂದೆ ಹರಡಿದಳು.

"ಏಯ್ ಹುಡುಗಿ! ಮೊದ್ಲು ಬಾಗ್ಲಾಗೆ ಚಪ್ಪಲಿ ನೋಡು! ಇಂಥೋರಿಗೆ ರೇಷ್ಮೆ ಬಿಚ್ಚಿದ್ರೆ ಮತ್ತೆ ಮಡಚೋದೇ ಬಂತು!" ಅಂಕ ಕಡಿಮೆ ಹಾಕೋಕೆ ಸಾವ್ಕಾರ್ರು ಪೆನ್ನು ತೆಗೆದರು.

ಹುಡುಗಿ ಹೆದರಲಿಲ್ಲ. "ಸರ್, ಚಪ್ಪಲಿ ಹೊರಗೇ ಬಿಟ್ಟಾರೆ... ಒಳಗೆ ಬಂದಿರೋದು ಗಿರಾಕಿ ಅಲ್ವಾ ಸರ್?"

ಸಾವ್ಕಾರ್ರ ಪೆನ್ನು ಹಾಗೇ ನಿಂತಿತು.

ನಾನು ಕಾಯುತ್ತಿದ್ದುದೇ ಈ ಗಳಿಗೆಗೆ! ಬಾಗಿಲಿಗೆ ಹೋಗಿ ಆ ಚಪ್ಪಲಿ ಎತ್ತಿ ತಂದು ಅವರ ಅಂಕಪಟ್ಟಿಯ ಮೇಲೇ ಇಟ್ಟೆ.

"ಈ ಪಿನ್ನು ನೆನಪೈತಾ ಸಾವ್ಕಾರ್ರೇ? ನಾನು ನಿಮ್ಮ ಅಂಗಡಿಯ ಕೊಟ್ರಮ್ಮ. ಹನ್ನೊಂದು ವರ್ಷದ ಹಿಂದೆ ಬೋಣಿ ಹೊತ್ನಾಗೆ ನೀವು ಓಡಿಸಿದ್ದು ಇವರನ್ನೇ. ಇವರು ನಮ್ಮವ್ವ!"

ಸಾವ್ಕಾರ್ರು ಪಿನ್ನು ನೋಡಿದರು, ಅವ್ವನನ್ನು ನೋಡಿದರು. ಎದ್ದು ಬಂದು ಅವ್ವನ ಮುಂದೆ ಕೈ ಮುಗಿದರು. "ತಪ್ಪಾತು ತಾಯಿ..."

ಆಹಾ! ಸುಳ್ಳು ಯಾಕೆ ಹೇಳಲಿ... ಒಳಗೊಳಗೇ ಕುಣಿದಾಡಿದೆ.

ಗೆದ್ದ ಮುಖ ಹೊತ್ತು ಅವ್ವನ ಕಡೆ ತಿರುಗಿದೆ. ಅವ್ವ ಅಳುತ್ತಿದ್ದಳು. ಅವಳು ನೋಡುತ್ತಿದ್ದುದು ಸಾವ್ಕಾರ್ರನ್ನಲ್ಲ, ನನ್ನನ್ನು.

"ಅವರು ಒಂದಿನ ನನ್ನ ಚಪ್ಪಲಿ ನೋಡಿದ್ರು ಕಣೇ... ನೀನು ಹನ್ನೊಂದು ವರ್ಷದಿಂದ ಅದನ್ನೇ ನೋಡ್ಕಂತ ಕುಂತಿದೀಯ."

"ಅವ್ವಾ..."

"ಅವತ್ತು ನಾಲ್ಕು ಜನರ ಮುಂದೆ ಆಗಿದ್ದನ್ನ ಇವತ್ತು ಇಷ್ಟು ಮಕ್ಕಳ ಮುಂದೆ ಮತ್ತೆ ಮಾಡಿಸ್ದೆ. ಇವತ್ತು 'ನಮ್ಮವ್ವ' ಅಂದೆಯಲ್ಲ... ಅವತ್ತು ಅಂದಿದ್ರೆ ಸಾಕಿತ್ತು ಮಗಳೇ, ನನಗೆ ಸೀರೇನೂ ಬೇಕಿರ್ಲಿಲ್ಲ."

ಹನ್ನೊಂದು ವರ್ಷ ನಾನು ಯಾರ ಮೇಲೆ ಹಲ್ಲು ಕಡಿಯುತ್ತಿದ್ದೆ ಅಂತ ಆಗ ಅರ್ಥವಾಯಿತು... ಸಾವ್ಕಾರ್ರ ಮೇಲಲ್ಲ, ಅವತ್ತು ಬಾಯಿ ಮುಚ್ಚಿಕೊಂಡು ನಿಂತ ನನ್ನ ಮೇಲೇ.

ಸಾವ್ಕಾರ್ರು ನೇತ್ರಾವತಿಗೆ ಪೂರ್ತಿ ಅಂಕ ಹಾಕಿ, ತಲೆ ತಗ್ಗಿಸಿ ಹೋದರು.

ಅವ್ವ ಬರಿಗಾಲಲ್ಲೇ ಮನೆ ಕಡೆ ನಡೆದಳು. ಆ ಚಪ್ಪಲಿ ಕೈಯಲ್ಲಿ ಹಿಡಿದು, ನಾನು ಅಳುತ್ತಾ ಅವಳ ಹಿಂದೆ ನಡೆದೆ.

ಅವಮಾನ ಮಾಡಿದವರ ಮೇಲೆ ಸೇಡು ತೀರಿಸಿಕೊಳ್ಳುವ ಭರದಲ್ಲಿ, ಅವಮಾನ ಉಂಡವರಿಗೇ ಮತ್ತೆ ಅದನ್ನು ಬಡಿಸಬೇಡಿ.

ನಿಮ್ಮ ಟ್ರಂಕಿನಲ್ಲಿ ಯಾರ ಚಪ್ಪಲಿ ಇದೆ...? ಒಮ್ಮೆ ತೆಗೆದು ನೋಡುತ್ತೀರಾ?